ಗುಂಗುರು ಕೂದಲು ಮತ್ತು ವಿಯೆಟ್ನಾಂ ಯುದ್ಧ

ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್‌ರನ್ನು ಕುರಿತು ಡೋರಿಸ್ ಕರ್ನ್ಸ್ 1976ರಲ್ಲಿ ಪ್ರಕಟಿಸಿದ ‘ಲಿಂಡನ್ ಜಾನ್ಸನ್ ಅಂಡ್ ದಿ ಅಮೆರಿಕನ್ ಡ್ರೀಮ್’ ಜೀವನಚರಿತ್ರೆಯೂ ಹೌದು, ಒಂದು ಬಗೆಯ ಮನೋವಿಶ್ಲೇಷಣೆಯೂ ಹೌದು. ಲೇಖಕಿ 1967ರಲ್ಲಿ ಜಾನ್ಸನ್‌ರನ್ನು ವಿರೋಧಿಸಿ ಪತ್ರಿಕೆಯಲ್ಲಿ ಬರೆದಿದ್ದವರು. ಆದರೂ 1969ರಲ್ಲಿ ಅಧಿಕಾರ ಬಿಟ್ಟ ಮೇಲೆ ಜಾನ್ಸನ್ ಟೆಕ್ಸಾಸಿನ ತಮ್ಮ ಜಮೀನಿನ ಮನೆಯಲ್ಲಿ ಕುಳಿತು ಆಕೆಯ ಮುಂದೆ ಮನಸ್ಸು ಬಿಚ್ಚಿದರು. ಆ ಮಾತುಗಳೇ ಪುಸ್ತಕದ ಬಂಡವಾಳ.

ತಾಯಿ ರೆಬೆಕಾ ಓದಿದಾಕೆ, ಕವಿತೆ ಸಂಗೀತಗಳಲ್ಲಿ ಆಸಕ್ತಿಯುಳ್ಳಾಕೆ. ತಂದೆ ಸ್ಯಾಮ್ ರಾಜಕಾರಣಿ, ಒರಟ. ಮಗನ ಉದ್ದನೆಯ ಗುಂಗುರು ಕೂದಲು ತಾಯಿಗೆ ಹೆಮ್ಮೆ. ಗಂಡುಹುಡುಗನನ್ನು ಹೆಣ್ಣು ಮಾಡುತ್ತಿದ್ದಾಳೆಂದು ತಂದೆಗೆ ಸಿಟ್ಟು. ಆಕೆ ಚರ್ಚಿಗೆ ಹೋಗಿದ್ದಾಗ ತಂದೆಯೇ ಕತ್ತರಿ ಹಿಡಿದು ಕತ್ತರಿಸಿಹಾಕಿದ. (ನಮ್ಮ ಕಡೆ ಚೌಲಕ್ಕೆ ಮೊದಲು ಗಂಡುಮಗುವಿಗೆ ಜಡೆ ಹೆಣೆದು, ಹೂ ಮುಡಿಸಿ, ಲಂಗ ತೊಡಿಸಿ ಫೋಟೋ ತೆಗೆಸುತ್ತಿದ್ದರು. ಅದರಿಂದ ಯಾರ ಗಂಡಸ್ತನಕ್ಕೂ ಕುಂದು ಬಂದಂತೆ ನಾವು ಕಾಣೆವು!) ಬೇಟೆಯಾಡದ ಮಗನನ್ನು ತಂದೆ ಹೇಡಿಯೇ ಎಂದು ಕೇಳಿದಾಗ ಹುಡುಗ ಮೊಲವೊಂದನ್ನು ಕೊಂದು, ಆಮೇಲೆ ವಾಂತಿ ಮಾಡಿಕೊಂಡನಂತೆ. ಮುಂದೆ ಅಧ್ಯಕ್ಷನಾದಾಗಲೂ, ಜನ ತನ್ನನ್ನು ಹೇಡಿ, ದ್ರೋಹಿ ಎಂದು ಕೂಗುವ ಕನಸುಗಳು ಬೀಳುತ್ತಿದ್ದುವಂತೆ. ವಿಯೆಟ್ನಾಮಿನಿಂದ ಹಿಂದೆ ಸರಿದರೆ ರಾಬರ್ಟ್ ಕೆನಡಿ ತನ್ನನ್ನು ಗಂಡಸಲ್ಲವೆಂದು ಸಾರುತ್ತಾನೆಂಬ ದಿಗಿಲು ಬೇರೆ.

ಇದೆಲ್ಲ ಸೊಗಸಾಗಿ ಓದಿಸಿಕೊಳ್ಳುತ್ತದೆ. ನಮ್ಮ ತಕರಾರು ಇರುವುದೂ ಇಲ್ಲಿಯೇ. ಕಥೆ ಹೇಳುವುದರಲ್ಲಿ ಜಾನ್ಸನ್ ನಿಸ್ಸೀಮರು. 1966ರಲ್ಲಿ ಕೊರಿಯದಲ್ಲಿ ಸೈನಿಕರೆದುರು, ತನ್ನ ಮುತ್ತಜ್ಜನ ತಂದೆ ಅಲಾಮೊ ಕಾಳಗದಲ್ಲಿ ಮಡಿದನೆಂದು ಹೇಳಿದರು. ಅದು ಶುದ್ಧ ಸುಳ್ಳು. ಲೇಖಕಿಯೂ ಅದನ್ನು ಮುಚ್ಚಿಟ್ಟಿಲ್ಲ. ಶೌರ್ಯಕ್ಕಾಗಿ ಪೂರ್ವಿಕನ ಸಾವನ್ನೇ ಕಟ್ಟಿದ ಮನುಷ್ಯ, ಅಳುಕನ್ನು ಹೇಳಿಕೊಳ್ಳುವಾಗ ಮಾತ್ರ ಸತ್ಯಸಂಧನಾಗಿದ್ದನೆಂದು ಹೇಗೆ ನಂಬುವುದು? ಸೋತ ಮುದುಕನಿಗೆ ಬಾಲ್ಯದ ಗಾಯಕ್ಕಿಂತ ಒಳ್ಳೆಯ ವಕೀಲ ಯಾರು?

1965ರ ಜುಲೈ 28ರಂದು ವಿಯೆಟ್ನಾಮಿನ ಸೈನ್ಯವನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಜಾನ್ಸನ್ ಪ್ರಕಟಿಸಿದರು. 1968ರ ಹೊತ್ತಿಗೆ ಅದು ಐದು ಲಕ್ಷ ದಾಟಿತು. ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರೇ 58,000ಕ್ಕೂ ಹೆಚ್ಚು; ವಿಯೆಟ್ನಾಮಿನವರ ಲೆಕ್ಕ ಹತ್ತು ಲಕ್ಷಗಳನ್ನು ಮೀರಿದ್ದು. ಇಷ್ಟು ಹೆಣಗಳ ಹೊಣೆಯನ್ನು ರೆಬೆಕಾಳ ಬಾಚಣಿಗೆಯ ಮೇಲೂ ಸ್ಯಾಮ್‌ನ ಕತ್ತರಿಯ ಮೇಲೂ ಹೊರಿಸುವುದೆಂದರೇನು?

ಗಂಡಸ್ತನದ ಮಾತು ಜಾನ್ಸನ್‌ರ ಎದೆಯೊಳಗಷ್ಟೇ ಇರಲಿಲ್ಲ, ಮಂತ್ರಾಲೋಚನೆಯ ಕೋಣೆಯಲ್ಲೂ ಚಲಾವಣೆಯಲ್ಲಿತ್ತು. ಡೇವಿಡ್ ಹಾಲ್ಬರ್‌ಸ್ಟಾಮ್‌ರ ‘ದಿ ಬೆಸ್ಟ್ ಅಂಡ್ ದಿ ಬ್ರೈಟೆಸ್ಟ್’ (1972) ಈ ವಿಷಯದಲ್ಲಿ ಹೆಚ್ಚು ಚುರುಕು. ಯುದ್ಧದ ಬಗ್ಗೆ ಅನುಮಾನ ಪಡತೊಡಗಿದ ಅಧಿಕಾರಿಯೊಬ್ಬನನ್ನು ಹೆಂಗಸಿಗೆ ಹೋಲಿಸಿ ಜಾನ್ಸನ್ ಆಡಿದ ಮಾತು ಅಲ್ಲಿದೆ. ಅದನ್ನು ಇಲ್ಲಿ ಅಚ್ಚು ಮಾಡಿಸುವಂತಿಲ್ಲ. ಅಂಥ ಮಾತು ಕೇಳಿದ ಮೇಲೆ ಉಳಿದವರು ಬಾಯಿ ಬಿಡುವುದುಂಟೆ? ಜಾರ್ಜ್ ಬಾಲ್ ಒಬ್ಬರು 1965ರಲ್ಲಿ ಈ ಯುದ್ಧವನ್ನು ಗೆಲ್ಲಲಾಗದೆಂದು ಬರೆದುಕೊಟ್ಟರು. ಕಡತದಲ್ಲಿ ಭಿನ್ನಮತ ಬರೆಯುವವನ ಪಾಡು ನಮ್ಮಂಥ ಗುಮಾಸ್ತರಿಗೂ ಗೊತ್ತು: ಟಿಪ್ಪಣಿ ಕಡತದಲ್ಲೇ ಉಳಿಯುತ್ತದೆ, ಕೆಲಸ ಮಾತ್ರ ಮೊದಲೇ ನಿಶ್ಚಯವಾದಂತೆ ನಡೆಯುತ್ತದೆ.

ಕರ್ನ್ಸ್ ಬರೆಯುವಾಗ ಆಕೆಗೆ ಸಿಕ್ಕಿರದ ಸಾಕ್ಷ್ಯವೊಂದಿದೆ. 1964ರ ಮೇ 27ರ ದೂರವಾಣಿ ಧ್ವನಿಮುದ್ರಿಕೆಗಳು ಬಹುಕಾಲದ ಮೇಲೆ ಹೊರಬಿದ್ದುವು. ಅವುಗಳಲ್ಲಿ ಜಾನ್ಸನ್ ಈ ಯುದ್ಧ ಕಾದಾಡಲು ತಕ್ಕುದಲ್ಲವೆನ್ನುತ್ತಾರೆ. ಓಡಿಬಂದ ಅಧ್ಯಕ್ಷನನ್ನು ಪದಚ್ಯುತಗೊಳಿಸುವುದಿಲ್ಲವೇ ಎಂದೂ ಸೆನೆಟರ್ ರಸೆಲ್‌ರನ್ನು ಕೇಳುತ್ತಾರೆ. ಇದು ಕತ್ತರಿಗೆ ಬೆದರಿದ ಮಗುವಿನ ಮಾತಲ್ಲ, ಕುರ್ಚಿಯ ಲೆಕ್ಕ ಬಲ್ಲವನ ಮಾತು.

ಇಷ್ಟಾದರೂ ಪುಸ್ತಕವನ್ನು ಓದಬೇಡಿರೆಂದು ನಾವು ಹೇಳುವುದಿಲ್ಲ. ಸೆನೆಟ್ಟಿನಲ್ಲಿ ಜಾನ್ಸನ್ ಒಬ್ಬೊಬ್ಬರನ್ನೇ ಒಲಿಸಿ ಮತ ಕೂಡಿಸುತ್ತಿದ್ದ ಬಗೆಯನ್ನು ಹೇಳುವ ಭಾಗದಲ್ಲಿ ತಾಯಿ ತಂದೆಯರ ಹಾವಳಿ ಕಡಿಮೆ. ನಮಗೆ ಹೆಚ್ಚು ನಂಬಿಕೆ ಹುಟ್ಟಿದ್ದು ಆ ಪುಟಗಳಲ್ಲಿಯೇ.