ದ್ಯೂತಸಭೆಯಲ್ಲಿ ಅರಸನ ಪಾಲು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಭಾರತದ ದ್ಯೂತಪ್ರಸಂಗವನ್ನು ಅರಿಯದ ಮನೆ ಇಲ್ಲವೆಂದರೆ ತಪ್ಪಾಗಲಾರದು. ಕೆಲವರು ಅದನ್ನು ಗಮಕಿಗಳ ಬಾಯಿಂದ ಕುಮಾರವ್ಯಾಸನ ಷಟ್ಪದಿಯಲ್ಲಿ ಕೇಳಿದ್ದಾರೆ. ಹೆಚ್ಚಿನವರು ಸುಗ್ಗಿ ತೀರಿದ ಮೇಲೆ ಊರ ಮುಂದಣ ರಂಗದಲ್ಲಿ, ಹಾರ್ಮೋನಿಯಂ ಮೇಷ್ಟರಿಂದ ಶಿಕ್ಷಿತರಾದ ಊರಿನವರೇ ಆಡುವ ಪೌರಾಣಿಕ ನಾಟಕದಲ್ಲಿ, ಬೆಳಗಿನ ಜಾವದವರೆಗೆ ಕುಳಿತು ನೋಡಿದ್ದಾರೆ. ಆ ರಂಗದಲ್ಲಿ ಶಕುನಿಯ ಪಾತ್ರಕ್ಕೆ ಸಲ್ಲುವ ಆದರ ಅಸಾಮಾನ್ಯವಾದುದು. ಅವನು ದಾಳವನ್ನು ಅಂಗೈಯಲ್ಲಿ ಉಜ್ಜಿ ನಕ್ಕರೆ ಪ್ರೇಕ್ಷಕರೂ ನಗುತ್ತಾರೆ. ಧರ್ಮರಾಯನು ಸೋತಂತೆಲ್ಲ ನಿಟ್ಟುಸಿರಿಡುತ್ತಾರೆ. ಧೃತರಾಷ್ಟ್ರನಿಗೆ ಒಂದು ಪೀಠ ದೊರೆಯುತ್ತದೆ, ಮಾತು ವಿಶೇಷವಾಗಿ ದೊರೆಯುವುದಿಲ್ಲ. ಜನರು ಮನೆಗೆ ಹಿಂದಿರುಗುವಷ್ಟರಲ್ಲಿ ದೋಷವು ಇಬ್ಬರಿಗೆ ಹಂಚಿಹೋಗಿರುತ್ತದೆ: ಕಪಟವು ಶಕುನಿಯದು, ಚಾಪಲ್ಯವು ಧರ್ಮಜನದು.

ಈ ಹಂಚಿಕೆ ಕಾವ್ಯಕ್ಕೆ ಸಮ್ಮತವೇ ಎಂಬುದು ವಿಚಾರಣೀಯ. ಜೂಜನ್ನು ಸರಕಾರವೇ ಅನುಮತಿಸಿ ಅದರಿಂದ ಬೊಕ್ಕಸವನ್ನು ತುಂಬಿಕೊಳ್ಳಬಹುದೇ ಎಂಬ ವಿವಾದವು ದೇಶದಲ್ಲಿ ಮತ್ತೆ ಮತ್ತೆ ಏಳುತ್ತಿರುವ ಈ ಕಾಲದಲ್ಲಿ ಅದು ಬರಿಯ ಸಾಹಿತ್ಯವಿನೋದವೂ ಆಗಲಾರದು.

ಮೊದಲು ವ್ಯಾಸರ ಸಭಾಪರ್ವವನ್ನೇ ನೋಡಬೇಕು. ದ್ಯೂತದ ಯೋಚನೆ ಶಕುನಿಯದು, ಹಟ ದುರ್ಯೋಧನನದು; ಆದರೆ ಆಜ್ಞೆಯು ಧೃತರಾಷ್ಟ್ರನದು. ಶಿಲ್ಪಿಗಳನ್ನು ಕರೆಯಿಸಿ ಸಾವಿರ ಕಂಬಗಳ, ನೂರು ಬಾಗಿಲುಗಳ ಹೊಸ ಸಭೆಯನ್ನು ಕಟ್ಟಿಸಿದವನು ಅವನು. ಇಂದ್ರಪ್ರಸ್ಥಕ್ಕೆ ವಿದುರನನ್ನು ಕಳುಹಿಸಿ ಪಾಂಡವರನ್ನು ಕರೆಯಿಸಿದವನೂ ಅವನೇ. ಅರಸನ ಕರೆಯಾದುದರಿಂದಲೇ ಯುಧಿಷ್ಠಿರನು ಬಂದನು. ದಾಯಾದಿಯ ಕರೆ ಮಾತ್ರವಾಗಿದ್ದರೆ ಕಥೆ ಬೇರೆಯಾಗಬಹುದಾಗಿತ್ತು. ಜೂಜಿಗೆ ಬೇಕಾದ ಮನೆ, ಮರ್ಯಾದೆ, ಕರೆಯೋಲೆ ಈ ಮೂರನ್ನೂ ಒದಗಿಸಿದುದು ರಾಜಪೀಠವೇ.

ವಿದುರನು ಇದು ಕುಲನಾಶಕ್ಕೆ ಮೂಲವೆಂದು ಎಚ್ಚರಿಸಿದಾಗ ಅರಸನು ಕೊಟ್ಟ ಉತ್ತರ ವಿಶೇಷವಾಗಿ ಮನನೀಯವಾಗಿದೆ. ತಾನೂ ಭೀಷ್ಮನೂ ಹತ್ತಿರದಲ್ಲಿ ಕುಳಿತಿರುವಾಗ ಅನ್ಯಾಯವು ಹೇಗೆ ನಡೆದೀತು ಎಂಬುದು ಆ ಉತ್ತರದ ತಾತ್ಪರ್ಯ. ಜೂಜು ತಪ್ಪಲ್ಲ, ಮೇಲ್ವಿಚಾರಣೆ ಇಲ್ಲದ ಜೂಜು ತಪ್ಪು; ಹಿರಿಯರ ಕಣ್ಣೆದುರಿಗೆ ನಿಯಮಬದ್ಧವಾಗಿ ನಡೆದರೆ ಯಾರಿಗೂ ಹಾನಿಯಿಲ್ಲ ಎಂಬ ವಾದವು ನೂತನವಾದುದೆಂದು ತಿಳಿದವರು ಈ ಸ್ಥಳವನ್ನು ಮತ್ತೊಮ್ಮೆ ಓದಬೇಕು. ಮೇಲ್ವಿಚಾರಕರು ಆ ಸಭೆಯಲ್ಲಿ ಕಡಿಮೆಯಿರಲಿಲ್ಲ. ಭೀಷ್ಮನಿದ್ದನು, ದ್ರೋಣನಿದ್ದನು, ಕೃಪನಿದ್ದನು. ದುರ್ಯೋಧನನು ಪಣವನ್ನು ತಾನು ಒಡ್ಡಿ ಆಟವನ್ನು ಶಕುನಿಯಿಂದ ಆಡಿಸಿದಾಗ, ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ವಿಷಮವೆಂದು ಯುಧಿಷ್ಠಿರನೇ ಆಕ್ಷೇಪಿಸಿದನು. ಅದನ್ನು ಎತ್ತಿ ಹಿಡಿದ ಮೇಲ್ವಿಚಾರಕರು ಒಬ್ಬರೂ ಇಲ್ಲ. ಅರಸನಾದರೋ ದ್ರೌಪದಿಯನ್ನು ಪಣವಾಗಿಟ್ಟ ಗಳಿಗೆಯಲ್ಲಿ ಹರ್ಷವನ್ನು ಅಡಗಿಸಲಾರದೆ, ಗೆದ್ದುದಾಯಿತೇ ಗೆದ್ದುದಾಯಿತೇ ಎಂದು ಕೇಳುತ್ತಿದ್ದನೆಂದು ವ್ಯಾಸರು ಹೇಳಿದ್ದಾರೆ. ಕಣ್ಣು ಕಾಣದ ಮೇಲ್ವಿಚಾರಕನ ಕಿವಿ ಲಾಭದ ಕಡೆಗೆ ಎಷ್ಟು ಚುರುಕಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕನ್ನಡ ಕವಿಗಳಲ್ಲಿ ಪಂಪನು 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸುವಾಗ ಅರಿಕೇಸರಿಯನ್ನು ಅರ್ಜುನನೊಡನೆ ಬೆಸೆದು ವರ್ಣಿಸುವ ಸಂಕಲ್ಪವುಳ್ಳವನಾದುದರಿಂದ, ನಾಯಕನ ಅವಮಾನದ ಈ ಪ್ರಕರಣವನ್ನು ಬೇಗನೆ ದಾಟುತ್ತಾನೆ. ಕುಮಾರವ್ಯಾಸನು ಹಾಗೆ ದಾಟುವವನಲ್ಲ. ಮಗನ ಹಟ, ವಿದುರನ ಹಿತವಚನ, ಇವೆರಡರ ನಡುವೆ ಮುದುಕ ಅರಸನ ತೂಗಾಟ, ಇವುಗಳಿಗೆ ಅವನ ಸಭಾಪರ್ವದಲ್ಲಿ ತಕ್ಕ ಎಡೆಯುಂಟು. ಆದರೆ ಊರ ರಂಗಸ್ಥಳಕ್ಕೆ ಬರುವಷ್ಟರಲ್ಲಿ ಆ ತೂಗಾಟ ಸವೆದುಹೋಗಿ, ಅದರ ಸ್ಥಾನದಲ್ಲಿ ಒಂದು ಕಟ್ಟುಕಥೆ ಬೆಳೆದಿದೆ: ಶಕುನಿಯ ದಾಳಗಳು ಅವನ ತಂದೆಯ ಎಲುಬಿನಿಂದಾದುವೆಂದೂ, ಆದಕಾರಣ ಅವು ಅವನು ಹೇಳಿದಂತೆ ಬೀಳುತ್ತಿದ್ದುವೆಂದೂ. ವ್ಯಾಸರಲ್ಲಿ ಇದಿಲ್ಲ. ಕಥೆ ಸ್ವಾರಸ್ಯವಾದುದೇ ಹೌದು. ಆದರೆ ಅದರಿಂದ ಆಗಿರುವ ಕೆಡುಕನ್ನು ಗುರುತಿಸಬೇಕು. ದೋಷವೆಲ್ಲ ಎಲುಬಿಗೆ ಅಂಟಿಕೊಂಡಿತು. ಸಭೆಯನ್ನು ಕಟ್ಟಿಸಿದವನು ಶುದ್ಧನಾಗಿ ಹೊರಗೆ ಬಂದನು.

ವ್ಯಾಸರ ಶಕುನಿಗೆ ಮಂತ್ರದ ಎಲುಬು ಬೇಕಿರಲಿಲ್ಲ. ಅವನು ನುರಿತ ಕೈಯವನು, ಕುಶಲ. ಇಲ್ಲಿಯೇ ಇಂದಿನ ಕಾನೂನಿನ ಒಂದು ದೊಡ್ಡ ಪ್ರಶ್ನೆಯೂ ಅಡಗಿದೆ. ಅದೃಷ್ಟದ ಆಟ ಜೂಜು, ಕುಶಲತೆಯ ಆಟ ಜೂಜಲ್ಲ ಎಂಬ ಭೇದವನ್ನು ನ್ಯಾಯಾಲಯಗಳು ಬಹುಕಾಲದಿಂದ ಹಿಡಿದುಕೊಂಡು ಬಂದಿವೆ. ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ರಮ್ಮಿಯನ್ನೂ 1996ರಲ್ಲಿ ಕುದುರೆಪಂದ್ಯವನ್ನೂ ಮುಖ್ಯವಾಗಿ ಕುಶಲತೆಯ ಆಟಗಳೆಂದು ನಿರ್ಣಯಿಸಿತು. ನ್ಯಾಯವಿಚಾರದಲ್ಲಿ ಈ ಭೇದಕ್ಕೆ ಸ್ಥಾನವಿರಬಹುದು. ಕಾವ್ಯವು ಕಾಣುವುದಾದರೋ ಅದರ ಇನ್ನೊಂದು ಮುಖವನ್ನು. ಧರ್ಮರಾಯನು ಹಾಳಾದುದು ಎದುರಾಳಿಯ ಅದೃಷ್ಟದಿಂದಲ್ಲ, ಅವನ ಕುಶಲತೆಯಿಂದ. ಬಲ್ಲವನು ಅರಿಯದವನ ಎದುರಿಗೆ ಪಣವಿಟ್ಟು ಕುಳಿತಾಗ ಬಲ್ಲವನ ಜಾಣ್ಮೆ ಅರಿಯದವನಿಗೆ ರಕ್ಷೆಯಾಗುವುದಿಲ್ಲ. ನಳನ ಕಥೆಯೂ ಇದನ್ನೇ ಹೇಳುತ್ತದೆ: ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತ ಮೇಲೆಯೇ ಅವನು ಕಳೆದುದನ್ನು ಮರಳಿ ಪಡೆದನು. ಅದುವರೆಗೆ ಕಾಡಿನಲ್ಲಿ ಅಲೆದವಳು ದಮಯಂತಿ.

ಇನ್ನು ಧರ್ಮಶಾಸ್ತ್ರ. ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ, ಪ್ರಾಣಿಗಳ ಸ್ಪರ್ಧೆಯ ಮೇಲೆ ಪಣವಿಡುವುದು ಸಮಾಹ್ವಯ ಎಂದು ಮನುವು ವಿಂಗಡಿಸಿದ್ದಾನೆ. ಇಂದಿನ ಕ್ಯಾಸಿನೋವನ್ನು ಮೊದಲನೆಯದರಲ್ಲಿಯೂ, ಕುದುರೆ ಕ್ರಿಕೆಟ್ಟುಗಳ ಬಾಜಿಯನ್ನು ಎರಡನೆಯದರಲ್ಲಿಯೂ ಸೇರಿಸಬಹುದು. ಎರಡೂ ಹಗಲುಗಳ್ಳತನ, ಎರಡನ್ನೂ ಅರಸನು ರಾಜ್ಯದಿಂದ ತೊಲಗಿಸಬೇಕೆಂಬುದು ಅವನ ಮತ. ಯಾಜ್ಞವಲ್ಕ್ಯನ ಮತ ಬೇರೆ. ದ್ಯೂತಶಾಲೆಯನ್ನು ನಡೆಯಿಸುವ ಸಭಿಕನು ನೂರು ಅಥವಾ ಅದಕ್ಕೆ ಮೇಲ್ಪಟ್ಟ ಪಣದಲ್ಲಿ ಶೇಕಡ 5ರಂತೆಯೂ, ಉಳಿದುದರಲ್ಲಿ ಶೇಕಡ 10ರಂತೆಯೂ ಪಡೆದು, ಒಪ್ಪಿದ ಭಾಗವನ್ನು ಅರಸನಿಗೆ ಸಲ್ಲಿಸಬೇಕು. ಅರಸನು ತನ್ನ ಭಾಗವನ್ನು ಪಡೆದಿದ್ದರೆ ಸೋತವನಿಂದ ಹಣವನ್ನು ಗೆದ್ದವನಿಗೆ ಕೊಡಿಸಬೇಕು, ಪಡೆಯದಿದ್ದರೆ ಕೊಡಿಸಬೇಕಾದುದಿಲ್ಲ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ಆದಕಾರಣ ಈ ವಿಚಾರವು ಕನ್ನಡನಾಡಿಗೆ ಹೊರಗಿನದಲ್ಲ.

ಯಾಜ್ಞವಲ್ಕ್ಯನ ವಿಧಿಯಲ್ಲಿ ಅಡಗಿರುವ ತರ್ಕ ಕಟುವಾದುದಾದರೂ ಪ್ರಾಮಾಣಿಕವಾದುದು. ಪಾಲನ್ನು ತೆಗೆದುಕೊಂಡವನಿಗೆ ಹೊಣೆಯೂ ಬಂತು. ಇಂದು ಏನಾಗಿದೆ? 1872ರ ಕರಾರು ಕಾಯಿದೆಯ ಮೂವತ್ತನೆಯ ಪ್ರಕರಣದಂತೆ ಬಾಜಿಯ ಒಪ್ಪಂದ ಅಸಿಂಧು. ಗೆದ್ದ ಬಾಜಿಯ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಹಾಗಿದ್ದರೂ ಬಾಜಿಯ ಮೇಲಿನ ಪಾಲು ನಿಂತಿಲ್ಲ. ಸರಕು ಮತ್ತು ಸೇವಾ ತೆರಿಗೆಯು ಕ್ಯಾಸಿನೋ, ಕುದುರೆಪಂದ್ಯ, ಆನ್‌ಲೈನ್ ಹಣದಾಟಗಳ ಮೇಲೆ 2023ರ ಅಕ್ಟೋಬರ್ 1ರಿಂದ ಪಣದ ಪೂರ್ಣ ಮೊತ್ತಕ್ಕೆ ಶೇಕಡ 28 ಎಂದು ವಿಧಿಸಲ್ಪಟ್ಟು, 2025ರ ಸೆಪ್ಟೆಂಬರಿನಲ್ಲಿ ಶೇಕಡ 40ಕ್ಕೆ ಏರಿತು. ಹೆಚ್ಚು ತೆರಿಗೆ ಹಾಕಿದರೆ ಜನರು ಹಿಂಜರಿಯುವರೆಂಬ ಸಮಾಧಾನವುಂಟು. ಆದರೆ ಸ್ಮೃತಿಕಾರನ ಕಣ್ಣಿಗೆ ಇದು ಹೊಣೆಯನ್ನು ಬಿಟ್ಟು ಪಾಲನ್ನು ಉಳಿಸಿಕೊಂಡಂತೆ ಕಾಣುವುದರಲ್ಲಿ ಸಂದೇಹವಿಲ್ಲ.

ಅನುಮತಿಯ ಪಕ್ಷದವರಿಗೆ ಬಲವಾದ ಆಧಾರವು ಕೌಟಿಲ್ಯನಲ್ಲಿದೆ. ಅದನ್ನು ಮರೆಮಾಚುವುದು ವಿಮರ್ಶೆಯಾಗದು. ಮೈಸೂರಿನ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯುಂಟು. ಜೂಜು ಒಂದೇ ಸ್ಥಳದಲ್ಲಿ ನಡೆಯಬೇಕು, ಬೇರೆಡೆ ಆಡಿದವನಿಗೆ 12 ಪಣ ದಂಡ, ಗೆದ್ದುದರಲ್ಲಿ ಶೇಕಡ 5 ಅಧ್ಯಕ್ಷನಿಗೆ. ಉದ್ದೇಶವು ಗೂಢವಾಗಿ ಬದುಕುವ ದುಷ್ಟರನ್ನು ಗುರುತಿಸುವುದು. ನಿಷೇಧಿಸಿದರೆ ಜೂಜು ಅಡಗುತ್ತದೆಯೇ ಹೊರತು ಅಳಿಯುವುದಿಲ್ಲ ಎಂಬ ಮಾತು ಸುಳ್ಳಲ್ಲ; ಕದ್ದು ನಡೆಯುವ ಮಟ್ಕಾ, ತೋಪುಗಳ ಮರೆಯ ಇಸ್ಪೀಟು ಇವುಗಳೇ ಅದಕ್ಕೆ ನಿದರ್ಶನ. ಆದರೆ ಕೌಟಿಲ್ಯನ ವ್ಯವಸ್ಥೆಗೆ ಒಂದು ಬಾಗಿಲಿನ ಶಾಲೆ ಅವಶ್ಯಕ. ಮೊಬೈಲಿನ ಜೂಜಿಗೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಹಾಸನದ ಆಲೂಗೆಡ್ಡೆಯ ಹಣವೋ ಅರಕಲಗೂಡಿನ ಹೊಗೆಸೊಪ್ಪಿನ ಹಣವೋ ಹೊಲದ ಬದುವಿನಲ್ಲಿ ಕುಳಿತಂತೆಯೇ ಕರಗಬಲ್ಲುದು. ಪಕ್ಕದಲ್ಲಿ ಕುಳಿತ ಹೆಂಡತಿಗೂ ಅದು ತಿಳಿಯುವುದಿಲ್ಲ. ಅಲ್ಲಿ ದ್ಯೂತಾಧ್ಯಕ್ಷನು ಯಾರನ್ನು ಗುರುತಿಸಿಯಾನು?

ಕೌಟಿಲ್ಯನ ಶಾಲೆಯ ಒಳಗು ಹೇಗಿದ್ದೀತೆಂಬುದನ್ನು ಶೂದ್ರಕನ ಮೃಚ್ಛಕಟಿಕದ ಎರಡನೆಯ ಅಂಕದಿಂದ ಊಹಿಸಬಹುದು. ಹತ್ತು ಸುವರ್ಣ ಸೋತ ಸಂವಾಹಕನು ಓಡಿಹೋಗಿ, ಹಿಮ್ಮುಖವಾಗಿ ಹೆಜ್ಜೆಯಿಟ್ಟು ಪಾಳುಗುಡಿಯನ್ನು ಹೊಕ್ಕು, ವಿಗ್ರಹದಂತೆ ನಿಲ್ಲುತ್ತಾನೆ. ಅಟ್ಟಿಬಂದ ಸಭಿಕ ಮಾಥುರನೂ ಜೂಜುಗಾರನೂ ಅವನ ಎದುರಿಗೇ ಆಟವನ್ನು ಹೂಡಲು, ದಾಳದ ಸದ್ದನ್ನು ತಾಳಲಾರದೆ ವಿಗ್ರಹವೇ ಕೆಳಗಿಳಿದು ಬರುತ್ತದೆ. ಓದುಗರು ನಗುತ್ತಾರೆ; ಮರುಗಳಿಗೆಯಲ್ಲಿ ಅವನನ್ನು ಎಳೆದು ಹೊಡೆಯುವುದನ್ನು ಕಂಡು ನಗು ನಿಲ್ಲುತ್ತದೆ. ಆ ಸಾಲವನ್ನು ತೀರಿಸುವುದು ವಸಂತಸೇನೆಯ ಕೈಯ ಒಡವೆ. ದಮಯಂತಿ, ದ್ರೌಪದಿ, ವಸಂತಸೇನೆ. ಜೂಜಿನ ಬಾಕಿ ಕಡೆಗೆ ಹೆಂಗಸರ ಲೆಕ್ಕಕ್ಕೆ ಬೀಳುವುದನ್ನು ಕವಿಗಳು ಎಂದೂ ಮರೆತವರಲ್ಲ.

ಭಾರತದ ಸಂವಿಧಾನವು ಬಾಜಿ ಮತ್ತು ಜೂಜನ್ನು ರಾಜ್ಯಪಟ್ಟಿಯ 34ನೆಯ ವಿಷಯವನ್ನಾಗಿ ಇರಿಸಿದೆ; ಅದರ ಮೇಲಿನ ತೆರಿಗೆಯು 2016ರವರೆಗೆ 62ನೆಯ ವಿಷಯದಲ್ಲಿತ್ತು. ಒಂದೊಂದು ರಾಜ್ಯವೂ ಒಂದೊಂದು ಬಗೆಯಾಗಿ ನಡೆದಿದೆ. ಗೋವೆಯು ಕ್ಯಾಸಿನೋಗಳನ್ನು ಅನುಮತಿಸಿ, 2020ರ ಫೆಬ್ರವರಿಯಿಂದ ಗೋವೆಯ ನಿವಾಸಿಗಳಿಗೆ ಮಾತ್ರ ಅವುಗಳ ಬಾಗಿಲನ್ನು ಮುಚ್ಚಿತು. ಒಳ್ಳೆಯದಾಗಿದ್ದರೆ ಮಕ್ಕಳಿಗೆ ಏಕೆ ಬೇಡ? ಕೆಟ್ಟುದಾಗಿದ್ದರೆ ಅತಿಥಿಗೆ ಏಕೆ ಬಡಿಸಬೇಕು? ಕರ್ನಾಟಕದಲ್ಲಿ 2007ರಲ್ಲಿ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾಗಿದ್ದಾಗ, ಸರಕಾರವು ಲಾಟರಿಯನ್ನು ನಿಲ್ಲಿಸಿತು. ಅರಸನು ತನ್ನ ಪಾಲನ್ನು ತಾನೇ ಬಿಟ್ಟುಕೊಟ್ಟ ಅಪರೂಪದ ನಿದರ್ಶನವಿದು. ಬಸ್ ನಿಲ್ದಾಣಗಳ ಲಾಟರಿ ಅಂಗಡಿಗಳು ಅದರಿಂದ ಮುಚ್ಚಿದುವು.

2021ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯು ಆನ್‌ಲೈನ್ ಹಣದಾಟಗಳನ್ನು, ಕುಶಲತೆಯ ಆಟಗಳನ್ನೂ ಸೇರಿಸಿಕೊಂಡು, ನಿಷೇಧಿಸಿತು. ಆದರೆ ಕುದುರೆಪಂದ್ಯದ ಬಾಜಿಯನ್ನು ಅದು ಹೊರಗಿಟ್ಟಿತು. ಬಾಜಿ ತೆರಿಗೆಯ ಕಾಯಿದೆ ಮೈಸೂರು ಸಂಸ್ಥಾನದಲ್ಲಿ 1932ರಷ್ಟು ಹಿಂದೆಯೇ ಆದುದು. ಹಳೆಯ ಪಾಲನ್ನು ಬಿಡುವುದು ಸುಲಭವಲ್ಲವಷ್ಟೆ. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ನಿಷೇಧಭಾಗಗಳನ್ನು ಸಂವಿಧಾನವಿರುದ್ಧವೆಂದು ತೆಗೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಕುದುರೆಯ ಸಭೆ ಅದಕ್ಕೂ ಹೊರಗೇ ನಿಂತಿತು.

ಈ ಏರಿಳಿತಗಳನ್ನು ನೋಡುವವರಿಗೆ ಅನುದ್ಯೂತವು ನೆನಪಾಗದಿರದು. ಮೊದಲ ದ್ಯೂತದ ತರುವಾಯ ಅಪಶಕುನಗಳಿಗೆ ಅಂಜಿದ ಧೃತರಾಷ್ಟ್ರನು ದ್ರೌಪದಿಗೆ ವರಗಳನ್ನು ಕೊಟ್ಟು, ಸೋತುದನ್ನೆಲ್ಲ ಹಿಂದಿರುಗಿಸಿ, ಪಾಂಡವರನ್ನು ಕಳುಹಿಸಿಕೊಟ್ಟನು. ಅಷ್ಟರಲ್ಲಿಯೇ ಕಥೆ ಮುಗಿಯಬಹುದಾಗಿತ್ತು. ಆದರೆ ಅವನು ಸಭೆಯನ್ನು ಕೆಡಹಿಸಲಿಲ್ಲ. ಮಗನು ಮತ್ತೆ ಬೇಡಿದನು; ದಾರಿಯಲ್ಲಿದ್ದವರನ್ನು ಅರಸನ ದೂತನು ಮತ್ತೆ ಕರೆದನು; ಅದೇ ಮಣೆಯ ಮೇಲೆ ಹದಿಮೂರು ವರ್ಷಗಳ ವನವಾಸ ಅಜ್ಞಾತವಾಸಗಳು ನಿರ್ಣಯವಾದುವು. ಕನಿಕರದಿಂದ ಕೊಟ್ಟ ವರವು ಒಂದು ದಿನವೂ ಬಾಳಲಿಲ್ಲ.

ಕಾವ್ಯವು ಕಾಯಿದೆಯ ಕರಡನ್ನು ಒದಗಿಸುವುದಿಲ್ಲ. ನಿಷೇಧವು ಹಿತವೋ ನಿಯಂತ್ರಣವು ಹಿತವೋ ಎಂಬುದನ್ನು ರಾಜ್ಯಶಾಸ್ತ್ರಜ್ಞರು ತೂಗಿ ನೋಡಲಿ. ಆದರೆ ದೋಷವನ್ನು ಎಲ್ಲಿ ಹುಡುಕಬೇಕೆಂಬುದನ್ನು ಕಾವ್ಯವು ತೋರಿಸಬಲ್ಲುದು. ಆಡಿ ಸೋತವನ ಚಾಪಲ್ಯ ಅವನದು, ಆಡಿಸಿದವನ ಕಪಟ ಅವನದು. ಮನೆಯನ್ನು ಕಟ್ಟಿ, ಕರೆಯನ್ನು ಕಳುಹಿಸಿ, ಪಾಲಿಗಾಗಿ ಕಿವಿಗೊಟ್ಟು ಕುಳಿತವನ ಪಾಲು ಇವೆರಡಕ್ಕಿಂತ ಕಿರಿದಲ್ಲ. ಆದಕಾರಣ ಈ ಸೀಮೆಯ ಗಮಕಿಗಳೂ ನಾಟಕದ ಮೇಷ್ಟರುಗಳೂ ದಾಳದ ನಗೆಗೆ ಕೊಡುವಷ್ಟು ಹೊತ್ತನ್ನು ವಿದುರನಿಗೆ ಅರಸನು ಕೊಟ್ಟ ಆ ಉತ್ತರಕ್ಕೂ ಕೊಡುವುದು ಯುಕ್ತ. ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಾದರೂ, ಬೆಳಗಿನ ಜಾವ ಮನೆಗೆ ಮರಳುವ ಹುಡುಗನೊಬ್ಬನು ದಾಳ ಯಾರದೆಂದು ಕೇಳುವುದಕ್ಕೆ ಬದಲಾಗಿ ಸಭೆಯನ್ನು ಕಟ್ಟಿಸಿದವರು ಯಾರೆಂದು ತಂದೆಯನ್ನು ಕೇಳಿದರೆ, ಆ ರಾತ್ರಿಯ ಆಟ ಸಾರ್ಥಕವಾದಂತೆ.