ಕಣ್ಣೀರಿನ ಅಳತೆಗೆ ಸಿಗದ ಜಯಂತಿ

2021ರ ಜುಲೈ 26ರಂದು ಜಯಂತಿ ತೀರಿಕೊಂಡಾಗ ಪತ್ರಿಕೆಗಳೂ ಟಿ.ವಿ.ಗಳೂ ಮೊದಲು ನೆನೆದದ್ದು ಒಂದು ಉಡುಪನ್ನು. 1965ರ ‘ಮಿಸ್ ಲೀಲಾವತಿ’ಯಲ್ಲಿ ಈಜುಡುಗೆ ತೊಟ್ಟ ಕನ್ನಡದ ಮೊದಲ ನಾಯಕಿ ಎಂಬ ಸಾಲು ಮುಂದೆ, ‘ಅಭಿನಯ ಶಾರದೆ’ ಎಂಬ ಬಿರುದು ಅದರ ಹಿಂದೆ. ಸಿನಿಮಾ ಬಲ್ಲವರ ಮಾತಿನಲ್ಲಿ ಈ ಹಂಚಿಕೆ ಹಳೆಯದು: ಅಭಿನಯ ಕಲ್ಪನಾಳದು, ಧೈರ್ಯ ಜಯಂತಿಯದು. ಹೊಗಳಿಕೆಯ ವೇಷದಲ್ಲಿ ಬರುವ ಈ ತೀರ್ಪು ಒಬ್ಬ ನಟಿಯ ಅರ್ಧಕ್ಕಿಂತ ಹೆಚ್ಚು ಕಸುಬನ್ನು ಲೆಕ್ಕದಿಂದ ಹೊರಗಿಡುತ್ತದೆ.

ಕನ್ನಡ ಚಿತ್ರರಂಗ ನಾಯಕಿಯರನ್ನು ಅಳೆದದ್ದು ಅಳುವಿನಿಂದ. ಪಂಡರೀಬಾಯಿಯವರ ಸಹನೆಯಿಂದ ಶುರುವಾದ ಈ ಪರಂಪರೆ ತ್ರಿವೇಣಿ, ಎಂ.ಕೆ. ಇಂದಿರಾ ಕಾದಂಬರಿಗಳ ಜೊತೆ ತೆರೆಗೆ ಬಂದು, ‘ಗೆಜ್ಜೆಪೂಜೆ’ (1969), ‘ಶರಪಂಜರ’ಗಳಲ್ಲಿ (1971) ತುದಿ ಮುಟ್ಟಿತು. ‘ಶರಪಂಜರ’ದ ಕಾವೇರಿಯ ಪಾತ್ರದಲ್ಲಿ ಕಲ್ಪನಾ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ತಪ್ಪಾದದ್ದು ಆಮೇಲೆ. ಬಂದ ನಟಿಯರನ್ನೆಲ್ಲ ಅದೇ ಒರೆಗಲ್ಲಿಗೆ ಹಚ್ಚಿದರು. ಎಷ್ಟು ಒಡೆದು ಹೋದಳು, ಎಷ್ಟು ನೊಂದಳು ಎಂಬುದೇ ಅಭಿನಯದ ಪ್ರಮಾಣವಾಯಿತು. ಆ ಪ್ರಮಾಣದಲ್ಲಿ ಜಯಂತಿ ಯಾವಾಗಲೂ ಎರಡನೆಯವರು.

ಬೇರೆ ಪ್ರಮಾಣವೊಂದು ಇತ್ತು. ಅದು ಜಯಂತಿ ಹುಟ್ಟಿದ ಸೀಮೆಯಲ್ಲೇ ಇತ್ತು. 1945ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ಕಮಲಾಕುಮಾರಿ ಈಕೆ. ಅದೇ ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಲ್ಲಿ ದ್ರೌಪದಿಯಾಗಿ ನಿಂತರೆ ಕಡೆಯ ಸಾಲಿನವನಿಗೂ ಮಾತು ಮುಟ್ಟುತ್ತಿತ್ತು. ಬಳ್ಳಾರಿಯಿಂದ ಸಿರುಗುಪ್ಪ ದಾಟಿ ತುಂಗಭದ್ರೆಯ ಆಚೆಗೆ ಬಂದರೆ ಸಿಂಧನೂರು. ಆ ತಾಲ್ಲೂಕಿನ ಸೋಮಲಾಪುರದ ಅಂಬಾಮಠದ ಸಿದ್ಧಪರ್ವತದಲ್ಲಿ ಚಿದಾನಂದಾವಧೂತರು ಭಾಮಿನಿ ಷಟ್ಪದಿಯಲ್ಲಿ ದೇವಿ ಮಹಾತ್ಮೆ ಬರೆದರು. ಇಂದಿಗೂ ನವರಾತ್ರಿ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಗುಡಿಗಳಲ್ಲಿ ಅದೇ ದೇವಿ ಪುರಾಣ ಹಚ್ಚುತ್ತಾರೆ. ಅಲ್ಲಿಯ ದೇವಿ ಶುಂಭ ನಿಶುಂಭರ ಮುಂದೆ ಕಣ್ಣೀರು ಹಾಕುವವಳಲ್ಲ. ಒಂಬತ್ತು ರಾತ್ರಿ ಕೂತು ಆ ಸಿಟ್ಟನ್ನು ಕೇಳಿದ ಹೆಂಗಸರಿಗೆ ನಾಯಕಿ ಗರ್ಜಿಸಿದರೆ ಅದು ವಿಚಿತ್ರವಲ್ಲ, ಪರಿಚಿತ.

ಅಂಥ ಕಣ್ಣಿನಿಂದ ‘ನಾಗರಹಾವು’ (1972) ನೋಡಬೇಕು. ಅದರಲ್ಲಿ ಜಯಂತಿ ನಾಯಕಿಯಲ್ಲ. ಆರತಿ ಇದ್ದಾರೆ, ಶುಭಾ ಇದ್ದಾರೆ, ಕಥೆ ರಾಮಾಚಾರಿಯದು. ಜಯಂತಿಗೆ ದಕ್ಕಿದ್ದು ಒಂದು ಹಾಡು, ಅದೂ ಪಿ.ಬಿ. ಶ್ರೀನಿವಾಸ್ ಅವರ ದನಿಯಲ್ಲಿ. ಒನಕೆ ಓಬವ್ವನ ಕಥೆಯನ್ನು ಗಾಯಕ ಹೇಳುತ್ತ ಹೋಗುತ್ತಾನೆ. ನಟಿಯ ಪಾಲಿಗೆ ಉಳಿಯುವುದು ಮೈ ಮತ್ತು ಕಣ್ಣು ಮಾತ್ರ. ಊಟಕ್ಕೆ ಬಂದ ಗಂಡನಿಗೆ ನೀರು ತರಲು ಕೊಡ ಹಿಡಿದು ಹೊರಟ ಹೆಂಗಸು. ಕೋಟೆಯ ಕಿಂಡಿಯಲ್ಲಿ ವೈರಿ ತೂರುವುದು ಕಾಣುತ್ತದೆ. ಕೊಡ ಇದ್ದ ಕೈಗೆ ಒನಕೆ ಬರುತ್ತದೆ. ಒಂದು ತಲೆ, ಇನ್ನೊಂದು ತಲೆ, ಹೆಣ ಎಳೆದು ಪಕ್ಕಕ್ಕೆ. ಕಾಳು ಕುಟ್ಟುವವಳಿಗೆ ಒನಕೆಯ ತೂಕ ಗೊತ್ತಿರುತ್ತದೆ, ಹೊಡೆತದ ಲಯ ತೋಳಿನಲ್ಲೇ ಇರುತ್ತದೆ. ಜಯಂತಿ ಆ ಲಯವನ್ನು ಹಿಡಿದಿದ್ದಾರೆ. ಗೃಹಿಣಿಯ ಗಾಬರಿ ಸಿಟ್ಟಾಗಿ, ಸಿಟ್ಟು ಆವೇಶವಾಗಿ ಏರುವುದು ಒಂದೇ ಹಾಡಿನ ಅಳತೆಯಲ್ಲಿ ಮುಗಿಯುತ್ತದೆ. ಇಂದು ಕನ್ನಡಿಗರಿಗೆ ಓಬವ್ವ ಎಂದರೆ ಜಯಂತಿಯ ಮುಖ. ಒಂದು ಹಾಡಿನಲ್ಲಿ ಇಷ್ಟು ಸಾಧಿಸಿದ್ದನ್ನು ‘ಅತಿಥಿ ಪಾತ್ರ’ ಎಂದು ಬರೆದು ಮುಗಿಸುವುದು ಅನ್ಯಾಯ.

ಎಲ್ಲ ನಿರ್ದೇಶಕ ಪುಟ್ಟಣ್ಣ ಕಣಗಾಲರ ಕೈಚಳಕ ಎನ್ನುವವರೂ ಇದ್ದಾರೆ. ಪುಟ್ಟಣ್ಣನ ಶಾಲೆಯ ಬಗ್ಗೆ ಬರೆಯುವವರು ನಟಿಯರನ್ನು ಮಣ್ಣಿನ ಮುದ್ದೆಯಂತೆ ಕಾಣುತ್ತಾರೆ, ಶಿಲ್ಪಿ ಒಬ್ಬನೇ. ವರ್ಷಗಳನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ. ‘ನಾಗರಹಾವು’ ಬರುವ ಹೊತ್ತಿಗೆ ಜಯಂತಿ ತ.ರಾ.ಸು. ಕಾದಂಬರಿಯ ‘ಚಂದವಳ್ಳಿಯ ತೋಟ’ದಲ್ಲಿ (1964) ನಟಿಸಿಯಾಗಿತ್ತು. ಎಂ.ಆರ್. ವಿಠಲ್ ‘ಮಿಸ್ ಲೀಲಾವತಿ’ಯ ಇಡೀ ಭಾರವನ್ನು ಈಕೆಯ ಮೇಲೇ ಹೊರಿಸಿ, 1969ರಲ್ಲಿ ‘ಎರಡು ಮುಖ’ವನ್ನೂ ಕೊಟ್ಟಿದ್ದರು. ತಮಿಳಿನಲ್ಲಿ ಕೆ. ಬಾಲಚಂದರ್ ‘ಎದಿರ್ ನೀಚ್ಚಲ್’ (1968), ‘ಇರು ಕೋಡುಗಳ್’ (1969) ಚಿತ್ರಗಳಿಗೆ ಕರೆದಿದ್ದರು. ಪುಟ್ಟಣ್ಣ ಪಳಗಿದ ನಟಿಯನ್ನು ಆರಿಸಿಕೊಂಡರು. ಆರಿಸುವ ಕಣ್ಣು ದೊಡ್ಡದೇ, ಆದರೆ ಪಳಗಿಸಿದ ಶ್ರೇಯ ಅವರದಲ್ಲ.

ಭಾರತೀಸುತರ ಕಾದಂಬರಿಯಿಂದ ಬಂದ ‘ಎಡಕಲ್ಲು ಗುಡ್ಡದ ಮೇಲೆ’ಯ (1973) ಮಾಧವಿಯನ್ನು ನೋಡಿ. ಗಂಡನಿಂದ ದೇಹಸುಖ ಸಿಗದ, ಕಿರಿಯ ಹುಡುಗನತ್ತ ವಾಲುವ ಹೆಣ್ಣು. ಕನ್ನಡದ ಇನ್ನೊಬ್ಬ ನಾಯಕಿಗೆ ಸಿಕ್ಕಿದ್ದರೆ ಅವಳು ಪ್ರತಿ ದೃಶ್ಯದಲ್ಲೂ ಪ್ರೇಕ್ಷಕರ ಕ್ಷಮೆ ಕೇಳುತ್ತಿದ್ದಳು. ಜಯಂತಿಯ ಮಾಧವಿ ಕೇಳುವುದಿಲ್ಲ. ಎಸ್. ಜಾನಕಿ ಹಾಡಿದ ವಿರಹದ ಹಾಡಿನಲ್ಲಿ ಆಕೆ ತೋರುವುದು ಬಯಕೆಯನ್ನು, ಬಯಕೆಯ ಬಗೆಗಿನ ನಾಚಿಕೆಯನ್ನಲ್ಲ. ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಅದಕ್ಕೆ ಬಂತು. ಆದರೂ ಚಿತ್ರವನ್ನು ‘ದಿಟ್ಟ ಕಥೆ’ ಎಂದು ನೆನೆಯುತ್ತಾರೆ. ಆ ದಿಟ್ಟತನವನ್ನು ಉಸಿರಿನ ಏರಿಳಿತದಲ್ಲಿ ತಂದವಳ ಕೆಲಸ ಎರಡು ವಾಕ್ಯಕ್ಕೂ ಬೆಳೆಯುವುದಿಲ್ಲ.

ಇಂಥ ನಟಿಯನ್ನು ಏನು ಮಾಡಬೇಕೆಂದು ಉದ್ಯಮಕ್ಕೆ ತಿಳಿಯಲಿಲ್ಲ. 1976ರ ‘ಬಹದ್ದೂರ್ ಗಂಡು’ ಅದಕ್ಕೆ ಸಾಕ್ಷಿ. ಸೊಕ್ಕಿನ ರಾಜಕುಮಾರಿಯಾಗಿ ಜಯಂತಿ ಬರುವ ಭಾಗ ಕಳೆಕಟ್ಟುತ್ತದೆ. ರಾಜ್‌ಕುಮಾರ್ ಆಕೆಯನ್ನು ದಾರಿಗೆ ತರುತ್ತಿದ್ದಂತೆ ಪಾತ್ರ ಸಪ್ಪೆಯಾಗುತ್ತದೆ. ಪ್ರೇಕ್ಷಕರು ಚಪ್ಪಾಳೆ ತಟ್ಟಿದ್ದು ಪಳಗಿದ ಹೆಣ್ಣಿಗೆ, ಆದರೆ ಚಿತ್ರ ಜೀವಂತವಾಗಿದ್ದದ್ದು ಆಕೆ ಪಳಗುವ ಮುಂಚೆ.

ಇಲ್ಲಿ ಜಗಳ ಒಬ್ಬ ನಟಿಯನ್ನು ಮೀರುತ್ತದೆ. ತಗ್ಗಿದ ದನಿ, ತಡೆದ ಬಿಕ್ಕು, ಮಧ್ಯಮವರ್ಗದ ಮನೆಯ ಒಳಕೋಣೆಯ ಸಂಕಟ: ಇವನ್ನೇ ಸೂಕ್ಷ್ಮ ಎಂದು ಕರೆದವರು ಹಳೆ ಮೈಸೂರು ಸೀಮೆಯ ಓದುಗ ವಿಮರ್ಶಕರು. ಏರಿದ ದನಿ, ಅರಳಿದ ಕಣ್ಣು, ಬಯಲಾಟದ ಹೆಜ್ಜೆ ಅವರಿಗೆ ‘ನಾಟಕೀಯ’. ಹೈದರಾಬಾದ್ ರಾಜ್ಯದಿಂದ 1956ರಲ್ಲಿ ಬಂದು ಸೇರಿದ ರಾಯಚೂರು ಸೀಮೆ ಟಿಕೆಟ್ ಕೊಂಡು ಸಿನಿಮಾ ನೋಡಿತು, ರುಚಿಯ ಬಗ್ಗೆ ಅದರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ನಡುವೆ, ಆಂಧ್ರದಿಂದ ಬಂದವರ ಕ್ಯಾಂಪುಗಳಿರುವ ಸಿಂಧನೂರಿನಲ್ಲಿ ತೆಲುಗೂ ಮನೆಮಾತು. ಎನ್‌ಟಿಆರ್ ಜೊತೆ ‘ಕೊಂಡವೀಟಿ ಸಿಂಹಂ’ನಲ್ಲಿ (1981) ನಟಿಸಿದ ಜಯಂತಿ ಅಂಥ ಊರಿಗೆ ಎರಡು ಭಾಷೆಯಲ್ಲೂ ಸಲ್ಲುವ ನಟಿ. ಬೆಂಗಳೂರಿನಲ್ಲಿ ಕೂತು ಬರೆದ ಚಿತ್ರಚರಿತ್ರೆಗೆ ಈ ಸಲುಗೆ ಕಾಣುವುದಿಲ್ಲ.

ವಯಸ್ಸಾದಂತೆ ಉದ್ಯಮ ಈಕೆಯನ್ನು ತಾಯಿಯ ಪಾತ್ರಗಳಿಗೆ ತಳ್ಳಿತು, ಅದರಲ್ಲಿ ಹೇಳುವಂಥದ್ದು ಕಡಿಮೆ. ನಡುವೆ ಒಂದು ‘ಮಸಣದ ಹೂವು’ ಬಂತು. 1985ರ ಜೂನ್‌ನಲ್ಲಿ ಪುಟ್ಟಣ್ಣ ತೀರಿಕೊಂಡ ಮೇಲೆ ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿದ, ಮತ್ತೆ ತ.ರಾ.ಸು. ಕಾದಂಬರಿಯೇ ಆಧಾರವಾದ ಚಿತ್ರ ಅದು. ಶ್ರೇಷ್ಠ ನಟಿ ಪ್ರಶಸ್ತಿ ಜಯಂತಿಗೆ ಅದಕ್ಕೂ ಬಂತು. ಪುಟ್ಟಣ್ಣನ ಕೊನೆಯ ಚಿತ್ರ ಎಂದು ಅದರ ಬಗ್ಗೆ ಬರೆದವರು ಬಹಳ. ಜಯಂತಿಯ ಅಭಿನಯವನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ನೋಡುವ ಕೆಲಸಕ್ಕೆ ಕೂತವರು ವಿರಳ.