ಹಾಜರಿ ಹಾಕಿ ಹೊರಟ ಕಾರುಗಳು

ಅಮೆರಿಕದ ನ್ಯಾಸ್ಕಾರ್ ಕಪ್ ಕಾರು ಓಟ ಸರಣಿಯ 2009ರಿಂದ 2012ರವರೆಗಿನ ಫಲಿತಾಂಶ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಗೆದ್ದವರ ಹೆಸರು ಎಲ್ಲರಿಗೂ ಗೊತ್ತು. ಆ ಕಾಲದ ಅಸಲಿ ಕತೆ ಇರುವುದು ತಳದ ಐದಾರು ಸಾಲುಗಳಲ್ಲಿ. ಕೊನೆಯ ಕಾರು ನಿಂತ ಕಾರಣ: ಬ್ರೇಕ್. ಅದರ ಮೇಲಿನದು: ಕಂಪನ. ಅದಕ್ಕೂ ಮೇಲಿನದು: ಎಂಜಿನ್ ಬಿಸಿ. ಮತ್ತೊಂದು: ವಿದ್ಯುತ್ ದೋಷ. ಮುನ್ನೂರು, ನಾನೂರು ಸುತ್ತಿನ ಓಟದಲ್ಲಿ ಈ ಕಾರುಗಳು ಇಪ್ಪತ್ತು ಮೂವತ್ತು ಸುತ್ತಿಗೇ ಗ್ಯಾರೇಜು ಸೇರುತ್ತಿದ್ದವು. ಮುಂದಿನ ಭಾನುವಾರ ಅದೇ ಕಾರು, ಅದೇ ಚಾಲಕ, ಕಾಯಿಲೆ ಮಾತ್ರ ಬೇರೆ. ಇವುಗಳಲ್ಲಿ ಹೆಚ್ಚಿನವು ಕೆಟ್ಟೇ ಇರಲಿಲ್ಲ ಎಂಬುದು ಪಟ್ಟಿ ಬರೆದವರಿಗೂ ಗೊತ್ತಿತ್ತು, ಓದಿದವರಿಗೂ ಗೊತ್ತಿತ್ತು.

ಇದಕ್ಕೆ ಅಲ್ಲಿನವರು ಇಟ್ಟ ಹೆಸರು ‘ಸ್ಟಾರ್ಟ್ ಅಂಡ್ ಪಾರ್ಕ್’. ಓಟ ಶುರು ಮಾಡು, ಕಾರು ನಿಲ್ಲಿಸು, ದುಡ್ಡು ಎಣಿಸು. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿ ಮಾಯವಾಗುವ ಗುಮಾಸ್ತನನ್ನು ಕಂಡವರಿಗೆ ಇದರ ಮರ್ಮ ವಿವರಿಸಬೇಕಿಲ್ಲ.

ಲೆಕ್ಕ ನೋಡಿ. ಆಗ ಕಪ್ ಓಟದಲ್ಲಿ 43 ಕಾರುಗಳಿಗೆ ಜಾಗವಿತ್ತು, ಕೊನೆಯದಕ್ಕೂ ಹತ್ತಾರು ಸಾವಿರ ಡಾಲರ್ ಬಹುಮಾನವಿತ್ತು. ಡೇಟೋನಾ 500ರಂಥ ದೊಡ್ಡ ಓಟದಲ್ಲಿ ಅದು ಎರಡು ಲಕ್ಷ ಡಾಲರ್ ದಾಟುತ್ತಿತ್ತು. ಪೂರ್ತಿ ಓಡಲು ಹೊರಟರೋ, ಟೈರುಗಳ ಮೇಲೆ ಟೈರು ಬೇಕು, ಅವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಿಸುವ ಪಿಟ್ ಹುಡುಗರ ಕೂಲಿ ಬೇಕು, ಬಾಡಿಗೆಗೆ ತಂದ ಎಂಜಿನ್ನು ಐನೂರು ಮೈಲಿ ಸವೆಯುತ್ತದೆ, ಯಾರೋ ಬಂದು ಗುದ್ದಿದರೆ ಕಾರೇ ಹೋಯಿತು. ಇಷ್ಟೆಲ್ಲ ಮಾಡಿ 43ರ ಬದಲು 33ನೆಯವನಾದರೆ ಕೈಗೆ ಹೆಚ್ಚಿಗೆ ಬರುವುದು ಕೆಲವು ಸಾವಿರ. ಬುದ್ಧಿ ನೆಟ್ಟಗಿರುವ ಯಾವ ವ್ಯಾಪಾರಿಯೂ ಪೂರ್ತಿ ಓಡುತ್ತಿರಲಿಲ್ಲ.

ಪಿಟ್ ಲೇನ್ ಮೇಲೆ ಕಣ್ಣಾಡಿಸಿದರೆ ಸಾಕಿತ್ತು, ಯಾವ ಕಾರು ಬೇಗ ಮನೆಗೆ ಹೋಗುತ್ತದೆ ಎಂದು ಹಸಿರು ಬಾವುಟ ಬೀಳುವ ಮುಂಚೆಯೇ ಹೇಳಬಹುದಿತ್ತು. ಹಣವಂತ ತಂಡದ ಗೋಡೆಯ ಹಿಂದೆ ಆಳೆತ್ತರಕ್ಕೆ ಪೇರಿಸಿದ ಟೈರುಗಳು, ಗಾಳಿ ಗನ್ನುಗಳು, ಪೆಟ್ರೋಲ್ ಡಬ್ಬಗಳು, ಹೆಲ್ಮೆಟ್ ತೊಟ್ಟು ಕಾಲು ಕುಣಿಸುತ್ತ ನಿಂತ ಹುಡುಗರು. ಬಡ ತಂಡದ ಜಾಗ ಬಹುಪಾಲು ಖಾಲಿ: ಟೈರಿನ ರಾಶಿಯಿಲ್ಲ, ಚಕ್ರ ಬಿಚ್ಚುವವನಿಲ್ಲ, ಒಂದು ಉಪಕರಣದ ಪೆಟ್ಟಿಗೆಯ ಸುತ್ತ ಇಬ್ಬರೋ ಮೂವರೋ. ಕಾರಿಗೆ ತೊಡಿಸಿದ ನಾಲ್ಕು ಟೈರುಗಳಲ್ಲೇ ಆ ದಿನದ ದುಡಿಮೆ ಮುಗಿಯಬೇಕು. ಕಾರಿನ ಬಾನೆಟ್ ಬೋಳು ಬೋಳು. ಜಾಹೀರಾತು ಇರಬೇಕಾದ ಕಡೆ ಬರೀ ಬಣ್ಣ.

ಇದನ್ನು ಕಳ್ಳಾಟ ಎಂದು ಬೈಯುವುದು ಸುಲಭ, ಅಭಿಮಾನಿಗಳು ಸಾಕಷ್ಟು ಬೈದರು. ಟಿಕೆಟ್ ಕೊಂಡವನು 43 ಕಾರು ನೋಡಲು ಬಂದಿದ್ದ, ಸಿಕ್ಕಿದ್ದು 36 ಎಂಬುದು ಅವರ ದೂರು. ನನಗೆ ಈ ದೂರು ಅಷ್ಟು ಗಟ್ಟಿ ಅನ್ನಿಸುವುದಿಲ್ಲ. ಕೊನೆಯ ಏಳು ಕಾರುಗಳಿಗಾಗಿ ಟಿಕೆಟ್ ಕೊಂಡವರು ಯಾರು? ನಿಜವಾದ ಅನ್ಯಾಯ ಶುಕ್ರವಾರವೇ, ಅರ್ಹತಾ ಸುತ್ತಿನಲ್ಲೇ ಆಗುತ್ತಿತ್ತು. ಮಾಲೀಕರ ಅಂಕಪಟ್ಟಿಯ ಮೊದಲ 35 ತಂಡಗಳಿಗೆ ಆಗ ಜಾಗ ಖಾಯಂ. ಉಳಿದ ಎಂಟಕ್ಕೆ ಮಿಕ್ಕವರೆಲ್ಲ ಗಡಿಯಾರದ ಜತೆ ಹೊಡೆದಾಡಬೇಕು. ನಿಲ್ಲಿಸಲೆಂದೇ ಬಂದ ತಂಡ ತನ್ನ ಕಾರನ್ನು ಒಂದೆರಡು ಸುತ್ತಿನ ವೇಗಕ್ಕಷ್ಟೇ ಹದ ಮಾಡಿಕೊಂಡು ಬರುತ್ತಿತ್ತು. ಐನೂರು ಮೈಲಿ ಬಾಳುವಂತೆ ಕಾರು ಸಿದ್ಧಪಡಿಸಿದ ಇನ್ನೊಂದು ಬಡ ತಂಡ ಕೂದಲೆಳೆಯಲ್ಲಿ ಸೋತು, ಟ್ರಕ್ಕಿಗೆ ಕಾರು ಏರಿಸಿ ವಾಪಸಾಗುತ್ತಿತ್ತು. ಓಡುತ್ತೇನೆ ಎಂದವನು ಹೊರಗೆ, ಓಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದವನು ಒಳಗೆ. ಬಡವನ ಹೊಟ್ಟೆಗೆ ಬಡವನೇ ಹೊಡೆದ ಈ ಆಟವನ್ನು ನಾನು ಸಮರ್ಥಿಸಲಾರೆ.

ಆದರೆ ಬಹುಮಾನದ ಪಟ್ಟಿ ಬರೆದವರು ಈ ಬಡವರಲ್ಲ. 2008ರ ಕೊನೆಗೆ ಅಮೆರಿಕದ ಆರ್ಥಿಕತೆ ಕುಸಿದಾಗ ಪ್ರಾಯೋಜಕರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು, ಹೆಸರಾಂತ ತಂಡಗಳೇ ಒಂದರೊಳಗೊಂದು ವಿಲೀನವಾದವು. ಮೈದಾನ ತುಂಬಿ ಕಾಣಲು ನ್ಯಾಸ್ಕಾರಿಗೆ 43 ಕಾರು ಬೇಕಿತ್ತು. ಸುಮ್ಮನೆ ತುಂಬುವ ಕೆಲಸಕ್ಕೆ ಸಂಬಳ ಗೊತ್ತುಮಾಡಿ, ಆ ಕೆಲಸ ಮಾಡಿದವರ ಶೀಲ ಶಂಕಿಸಿದರೆ ಹೇಗೆ? ಜೋ ನೆಮೆಚೆಕ್ 1992ರಲ್ಲಿ ಎರಡನೇ ದರ್ಜೆಯ ಬುಶ್ ಸರಣಿಯ ಚಾಂಪಿಯನ್, ಕಪ್ ಸರಣಿಯಲ್ಲಿ ನಾಲ್ಕು ಗೆಲುವು ಕಂಡವನು. ಆತ ಭಾನುವಾರ ಕಪ್ ಕಾರನ್ನು ಬೇಗ ನಿಲ್ಲಿಸಿ, ಆ ದುಡ್ಡಿನಲ್ಲಿ ಶನಿವಾರದ ಎರಡನೇ ದರ್ಜೆ ಓಟವನ್ನು ಪೂರ್ತಿ ಓಡುತ್ತಿದ್ದ. ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಇಂಥ ಕಡೆ ‘ಕಳ್ಳ’ ಎಂಬ ಮಾತು ನಾಲಿಗೆಗೆ ಬರುವುದಿಲ್ಲ.

ಹಿಂದಿನ ತಲೆಮಾರಿನ ಬಡವರು ಹೀಗಿರಲಿಲ್ಲ ಎಂಬ ವಾದ ಒಂದಿದೆ. ಅದಕ್ಕೆ ಮುಂದಿಡುವ ಹೆಸರು ಜೆ. ಡಿ. ಮೆಕ್‌ಡಫಿ. ಉತ್ತರ ಕೆರೊಲಿನಾದ ಈ ಮಾಲೀಕ-ಚಾಲಕ 653 ಓಟ ಓಡಿದ, ಒಂದನ್ನೂ ಗೆಲ್ಲಲಿಲ್ಲ. 1991ರ ಆಗಸ್ಟ್‌ನಲ್ಲಿ ವಾಟ್ಕಿನ್ಸ್ ಗ್ಲೆನ್ ಓಟದ ಅಪಘಾತದಲ್ಲಿ ತೀರಿಕೊಂಡ. ನಿಷ್ಠೆ ದೊಡ್ಡದು, ಒಪ್ಪೋಣ. ಆದರೆ ಆ ಕಾಲದ ಎಷ್ಟೋ ಸ್ವತಂತ್ರ ಚಾಲಕರು ಎಂಜಿನ್ ಉಳಿಸಲು ನಿಧಾನಕ್ಕೆ ಓಡಿಸಿಕೊಂಡು, ಯಾರ ತಂಟೆಗೂ ಹೋಗದೆ ಅಂಕ ಎಣಿಸುತ್ತಿದ್ದರು. ನಿಲ್ಲಿಸುವುದು ತಪ್ಪು, ತೆವಳುವುದು ಸರಿ ಎನ್ನುವ ನೀತಿ ನನಗೆ ಪೂರ್ತಿ ಅರ್ಥವಾಗಿಲ್ಲ.

ಹಾಗಾದರೆ ಈ ಪದ್ಧತಿಯನ್ನು ಅಳೆಯುವುದು ಯಾವ ಕೋಲಿನಿಂದ? ನಿಲ್ಲಿಸಿ ಗಳಿಸಿದ ದುಡ್ಡು ಎಲ್ಲಿಗೆ ಹೋಯಿತು ಎಂಬುದರಿಂದ. ಇಲ್ಲಿ ಫ್ರಂಟ್ ರೋ ಮೋಟಾರ್‌ಸ್ಪೋರ್ಟ್ಸ್ ತಂಡವನ್ನು ನೋಡಬೇಕು. ಮಾಲೀಕ ಬಾಬ್ ಜೆಂಕಿನ್ಸ್ ಟೆನೆಸ್ಸಿಯವನು, ಟಾಕೊ ಬೆಲ್‌ನಂಥ ಫಾಸ್ಟ್‌ಫುಡ್ ಹೋಟೆಲುಗಳ ಫ್ರಾಂಚೈಸಿ ನಡೆಸಿ ದುಡ್ಡು ಮಾಡಿದವನು. ತಂಡದ ಹೆಸರಿಗೆ ‘ಮೊದಲ ಸಾಲು’ ಎಂಬ ಅರ್ಥವಿದ್ದರೂ ಅದರ ಕಾರುಗಳು ವರ್ಷಗಟ್ಟಲೆ ಕಂಡಿದ್ದು ಕೊನೆಯ ಸಾಲುಗಳನ್ನೇ. 2012ರಲ್ಲಿ ಈ ತಂಡವೂ ಮೂರನೆಯ ಕಾರೊಂದನ್ನು, 26ನೇ ನಂಬರಿನದನ್ನು, ಹೆಚ್ಚುಕಡಿಮೆ ನಿಲ್ಲಿಸಲೆಂದೇ ಇಳಿಸುತ್ತಿತ್ತು. ಮಿಕ್ಕೆರಡು ಕಾರುಗಳು ಪೂರ್ತಿ ಓಡುತ್ತಿದ್ದವು.

ಮರುವರ್ಷ, 2013ರ ಮೇ 5, ಟಾಲಡೇಗಾ. ಇಂಥ ತಂಡಗಳು ಆಗ ಕನಸು ಕಾಣುತ್ತಿದ್ದ ಜಾಗಗಳು ಟಾಲಡೇಗಾ, ಡೇಟೋನಾ ಎರಡೇ. ಎರಡೂವರೆ ಮೈಲಿಯ ಇಲ್ಲವೇ ಅದಕ್ಕೂ ಮಿಕ್ಕಿದ ಸುತ್ತಿನಲ್ಲಿ ವೇಗ ಮಿತಿಮೀರದಿರಲೆಂದು ಎಂಜಿನ್ನಿಗೆ ಹೋಗುವ ಗಾಳಿಯನ್ನೇ ತಡೆದು ಎಲ್ಲರ ಶಕ್ತಿಯನ್ನೂ ಕತ್ತರಿಸುತ್ತಾರೆ. ಕೋಟಿ ಸುರಿದು ಗಳಿಸಿದ ಅಶ್ವಶಕ್ತಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮುಂದಿನವನ ಗಾಳಿಮರೆ, ಹಿಂದಿನವನ ತಳ್ಳು, ಇವೇ ಬಂಡವಾಳ. ಮಳೆಯಿಂದ ತಡವಾದ ಆ ಓಟ ಕತ್ತಲಾಗುವ ಹೊತ್ತಿಗೆ ಕೊನೆಯ ಎರಡು ಸುತ್ತಿಗೆ ಬಂತು. ಫ್ರಂಟ್ ರೋ ತಂಡದ ಡೇವಿಡ್ ರೇಗನ್ ಹಿಂದಿನಿಂದ ನುಗ್ಗಿದ, ಅವನ ಬಂಪರಿಗೆ ಅಂಟಿಕೊಂಡಂತೆ ತಳ್ಳಿದವನು ಅದೇ ತಂಡದ ಡೇವಿಡ್ ಗಿಲಿಲ್ಯಾಂಡ್. ಇಬ್ಬರೂ ಕಾರ್ಲ್ ಎಡ್ವರ್ಡ್ಸ್‌ನನ್ನು ದಾಟಿ ಒಂದು, ಎರಡನೇ ಸ್ಥಾನ ಹಿಡಿದರು. ತಂಡಕ್ಕೆ ಅದು ಮೊಟ್ಟಮೊದಲ ಗೆಲುವು. ಗಿಲಿಲ್ಯಾಂಡ್ ತಳ್ಳುವುದು ಬಿಟ್ಟು ತಾನೇ ಹೊರಳಿದ್ದರೆ ಇಬ್ಬರೂ ಕೆಡುತ್ತಿದ್ದರು.

2016ರಲ್ಲಿ ಪೋಕೊನೊದಲ್ಲಿ ಇದೇ ತಂಡದ ಕ್ರಿಸ್ ಬ್ಯೂಶರ್ ಗೆದ್ದದ್ದು ಮಂಜು ಕವಿದು ಓಟ ಪೂರ್ತಿಯಾಗುವ ಮುಂಚೆಯೇ ನಿಂತದ್ದರಿಂದ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಹೇಳಬೇಕಾದದ್ದು ಮೈಕಲ್ ಮೆಕ್‌ಡವೆಲ್ ಬಗ್ಗೆ. 2008ರಲ್ಲಿ ಟೆಕ್ಸಸ್‌ನ ಅರ್ಹತಾ ಸುತ್ತಿನಲ್ಲಿ ಆತನ ಕಾರು ಗೋಡೆಗೆ ಅಪ್ಪಳಿಸಿ ಹಲವು ಪಲ್ಟಿ ಹೊಡೆಯಿತು, ಆತ ಎದ್ದು ನಡೆದುಬಂದ. ಅದೇ ವರ್ಷ ಕೆಲಸ ಹೋಯಿತು. ಮುಂದಿನ ವರ್ಷಗಳಲ್ಲಿ ಆತ ಮಾಡಿದ್ದು ಇದೇ ಹಾಜರಿಯ ಕೆಲಸ: ಶುಕ್ರವಾರ ಜೀವ ಒತ್ತೆಯಿಟ್ಟು ಒಂದು ವೇಗದ ಸುತ್ತು, ಭಾನುವಾರ ಒಂದಿಷ್ಟು ಸುತ್ತು, ಆಮೇಲೆ ಗ್ಯಾರೇಜಿನಲ್ಲಿ ಹೆಲ್ಮೆಟ್ ತೆಗೆದು ಕೂರುವುದು. ಚಾಲಕನೊಬ್ಬನಿಗೆ ಇದಕ್ಕಿಂತ ಅವಮಾನದ ದುಡಿಮೆ ಇರಲಾರದು. ಪಟ್ಟಿಯಲ್ಲಿ ಬರೆಸಿದ ಸುಳ್ಳು ಬ್ರೇಕು, ಸುಳ್ಳು ಕಂಪನ ಅವನ ಹೆಸರಿನ ಮುಂದೆಯೇ ಉಳಿಯುತ್ತದೆ, ಮಾಲೀಕನ ಹೆಸರಿನ ಮುಂದಲ್ಲ. ಈ ಪದ್ಧತಿಯಲ್ಲಿ ನನಗೆ ಅತ್ಯಂತ ಕೊಳಕಾಗಿ ಕಾಣುವುದು ಇದೇ.

ಆತ 2018ರಲ್ಲಿ ಫ್ರಂಟ್ ರೋ ಸೇರಿದ. 2021ರ ಡೇಟೋನಾ 500, ಅವನ 358ನೇ ಓಟ. ಕೊನೆಯ ಸುತ್ತಿನಲ್ಲಿ ಮುಂದಿದ್ದ ಜೋಯಿ ಲೊಗಾನೊ, ಬ್ರಾಡ್ ಕೆಸೆಲೌಸ್ಕಿ ಪರಸ್ಪರ ತಾಗಿ ಬೆಂಕಿಯುಂಡೆಯಾದರು. ಹಿಂದಿದ್ದ ಮೆಕ್‌ಡವೆಲ್‌ನ 34ನೇ ನಂಬರಿನ ಫೋರ್ಡ್ ನಡುವಿನ ಸಂದಿಯಲ್ಲಿ ತೂರಿ ಬಂದು ಗೆದ್ದಿತು. ಮೆಕ್‌ಡವೆಲ್ ಆ ರಾತ್ರಿ ಮುಂದಿದ್ದದ್ದು ಆ ಒಂದೇ ಸುತ್ತಿನಲ್ಲಿ. ಅದೃಷ್ಟ ಎಂದರು, ಇರಬಹುದು. ಆದರೆ ಅದೃಷ್ಟ ಎಂದವರು 2023ರ ಆಗಸ್ಟ್‌ನ ಇಂಡಿಯಾನಾಪೊಲಿಸ್ ಓಟಕ್ಕೆ ಏನೆನ್ನುತ್ತಾರೆ? ಎಡಬಲ ತಿರುವುಗಳ ರಸ್ತೆ ಮಾದರಿಯ ಆ ಟ್ರ್ಯಾಕಿನಲ್ಲಿ ಗಾಳಿಮರೆ ಅಷ್ಟು ನೆರವಿಗೆ ಬರುವುದಿಲ್ಲ. ಆತ 82 ಸುತ್ತಿನಲ್ಲಿ 54 ಸುತ್ತು ಮುಂದಿದ್ದು, ಯಾರ ಅಪಘಾತದ ಹಂಗೂ ಇಲ್ಲದೆ ಗೆದ್ದ. 2022ರಿಂದ ಎಲ್ಲರಿಗೂ ಒಂದೇ ಸರಬರಾಜುದಾರರ ಬಿಡಿಭಾಗ ಎಂಬ ನಿಯಮದ ಹೊಸ ಕಾರು ಬಂದದ್ದೂ ಇದಕ್ಕೆ ಒದಗಿತು. ನನ್ನ ಮಟ್ಟಿಗೆ ಫ್ರಂಟ್ ರೋ ತಂಡದ ಹಿರಿಮೆ ಇರುವುದು ಡೇಟೋನಾದಲ್ಲಲ್ಲ, ಇಂಡಿಯಾನಾಪೊಲಿಸ್‌ನಲ್ಲಿ.

ನ್ಯಾಸ್ಕಾರ್ ಈ ರೋಗಕ್ಕೆ ಮಾಡಿದ ಮದ್ದು ‘ಚಾರ್ಟರ್’. 2016ರಲ್ಲಿ ಕಾರುಗಳ ಸಂಖ್ಯೆಯನ್ನು 40ಕ್ಕೆ ಇಳಿಸಿ, 36 ಜಾಗಗಳನ್ನು ಹಕ್ಕುಪತ್ರದಂತೆ ತಂಡಗಳಿಗೆ ಹಂಚಿ, ಹಣದ ಬಹುಪಾಲನ್ನು ಅವಕ್ಕೇ ಕಟ್ಟಿಹಾಕಿತು. ಉಳಿದ ನಾಲ್ಕು ಜಾಗಕ್ಕೆ ಬರುವವರಿಗೆ ಸಿಗುವುದು ಪುಡಿಗಾಸು. ನಿಲ್ಲಿಸಿ ಗಳಿಸುವ ಆಟ ತಾನಾಗಿಯೇ ಸತ್ತಿತು. ಮದ್ದು ಕೆಲಸ ಮಾಡಿತು, ಜತೆಗೇ ಕೆಳಗಿನಿಂದ ಹತ್ತುವ ಮೆಟ್ಟಿಲೂ ಹೋಯಿತು. ಹಕ್ಕುಪತ್ರ ಸಿಕ್ಕ ಬಡವರೂ ಸುಖವಾಗಿರಲಿಲ್ಲ. ಬಿಕೆ ರೇಸಿಂಗ್ 2018ರಲ್ಲಿ ದಿವಾಳಿ ಎದ್ದಿತು. ಅದರ ಆಸ್ತಿಯನ್ನು ಹಕ್ಕುಪತ್ರ ಸಮೇತ 20.8 ಲಕ್ಷ ಡಾಲರಿಗೆ ಹರಾಜಿನಲ್ಲಿ ಕೊಂಡವನು ಇದೇ ಜೆಂಕಿನ್ಸ್.

2024ರ ಅಕ್ಟೋಬರಿನಲ್ಲಿ ಆತ, ಮೈಕಲ್ ಜೋರ್ಡನ್ ಪಾಲುದಾರನಾಗಿರುವ 23ಇಲೆವೆನ್ ತಂಡದ ಜತೆ ಸೇರಿ, ಏಕಸ್ವಾಮ್ಯದ ಆರೋಪ ಹೊರಿಸಿ ನ್ಯಾಸ್ಕಾರ್ ಮೇಲೆ ದಾವೆ ಹೂಡಿದ. ಡೇಟೋನಾ ಗೆದ್ದ ಮೇಲೂ ಈ ವ್ಯವಹಾರದಲ್ಲಿ ಒಟ್ಟು ಹತ್ತು ಕೋಟಿ ಡಾಲರ್ ಕಳೆದುಕೊಂಡಿದ್ದೇನೆ ಎಂದು ಶಾರ್ಲಟ್‌ನ ಕೋರ್ಟಿನಲ್ಲಿ ಸಾಕ್ಷಿ ನುಡಿದ. 2025ರ ಡಿಸೆಂಬರಿನಲ್ಲಿ ವಿಚಾರಣೆಯ ನಡುವೆಯೇ ರಾಜಿಯಾಯಿತು, ಹಕ್ಕುಪತ್ರಗಳು ಖಾಯಂ ಆದವು. ಜೆಂಕಿನ್ಸ್‌ಗೆ ನ್ಯಾಯ ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಖಾಯಂ ಆದದ್ದು ಒಳಗಿರುವವರ ಜಾಗ. ಲೈವ್ ಫಾಸ್ಟ್ ತಂಡ 2023ರಲ್ಲಿ ಮಾರಿದ ಇಂಥದೇ ಒಂದು ಪತ್ರಕ್ಕೆ ಸುಮಾರು ನಾಲ್ಕು ಕೋಟಿ ಡಾಲರ್ ಬಂತೆಂದು ವರದಿಯಾಗಿತ್ತು. ಅಷ್ಟು ದುಡ್ಡಿರುವವನು ಇಪ್ಪತ್ತು ಸುತ್ತಿಗೆ ಕಾರು ನಿಲ್ಲಿಸಬೇಕಾಗಿಲ್ಲ. ಅಷ್ಟಿಲ್ಲದೆ, ಕೊನೆಯ ಸಾಲಿನಿಂದ ಶುರುಮಾಡಿ ಇಂಡಿಯಾನಾಪೊಲಿಸ್ ತಲುಪಲು ಹದಿನೈದಿಪ್ಪತ್ತು ವರ್ಷ ಕಾಯಲು ತಯಾರಿರುವ ಇನ್ನೊಬ್ಬ ಹೋಟೆಲಿನವನಿಗೆ ಇವತ್ತು ಅಲ್ಲಿ ಜಾಗವಿಲ್ಲ.